ಸೋರೆಕಾಯಿ ಸೋರಿ ಹೋಗಲಿ, ಹೆಸರುಕಾಳು ಹೆಸರು ತರಲಿ

ಹೋದ ತಿಂಗಳು ಮಾಲೂರಿನಿಂದ ಬಂದ ಒಂದು ಪತ್ರದ ಬಗ್ಗೆ ಇಲ್ಲಿ ಎರಡು ಸಾಲು ಬರೆದು, ಉತ್ತರ ಮುಂದಿನ ಸಂಚಿಕೆಯಲ್ಲಿ ಅಂದಿದ್ದೆ. ಅಷ್ಟಕ್ಕೇ ಇನ್ನೂ ಐದಾರು ಪತ್ರ ಬಂದವು, ಎಲ್ಲವೂ ಯಹೂದಿಗಳ ಹೊಸ ವರ್ಷದ ಸುತ್ತಲೇ. ಒಬ್ಬರು ಬೈದೂ ಇದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ. ನಾನಿರುವುದು ತುಮಕೂರಿನಲ್ಲಿ, ಇಲ್ಲಿ ಕೂತು ಈ ಹಬ್ಬದ ಬಗ್ಗೆ ಬರೆಯಲು ನನಗೇನು ಗೊತ್ತು ಅಂತ ಕೇಳಿದರೆ, ಪುಣೆಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳು ಬೆನೆ ಇಸ್ರೇಲ್ ಹುಡುಗಿ. ಅಂದರೆ ಕೊಂಕಣ ಕರಾವಳಿಯ, ಮನೆಯಲ್ಲಿ ಮರಾಠಿ ಮಾತಾಡುವ ಯಹೂದಿಗಳು. ಮೂರು ವರ್ಷ ಅವಳ ಮನೆಯಲ್ಲಿ ಈ ಹಬ್ಬದ ಊಟ ಮಾಡಿದ್ದೇನೆ.

ಅಕ್ಕಾ, ನನ್ನ ಸೊಸೆ ಠಾಣೆಯವಳು, ಯಹೂದಿ. ಮಗ, ಸೊಸೆ ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಈ ವರ್ಷ ಅವರ ಹೊಸ ವರ್ಷ ಶನಿವಾರ ಭಾನುವಾರ ಬಂದಿದೆ, ಸೋಮವಾರ ನಮ್ಮ ಗಣೇಶ. ಮೂರೂ ದಿನ ಊರಲ್ಲೇ ಇರ್ತೀವಿ ಅಂದಿದ್ದಾರೆ. ಸೇಬನ್ನು ಜೇನಿನಲ್ಲಿ ಅದ್ದಿ ತಿಂತಾರೆ ಅನ್ನೋದು ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ. ನಮ್ಮೆಜಮಾನರಿಗೆ ಸಕ್ಕರೆ ಕಾಯಿಲೆ ಬೇರೆ. ಬೆಂಗಳೂರಿನಿಂದ ಏನೇನು ತರಿಸಬೇಕು?
— ಮಾಲೂರು (ಹೆಸರು ಬೇಡ ಎಂದಿದ್ದಾರೆ)

ಏನೂ ತರಿಸಬೇಡಿ ತಾಯಿ. ನಿಮ್ಮೂರ ಸಂತೆಯಲ್ಲಿ ಸಿಗದ ಯಾವುದೂ ಈ ಹಬ್ಬಕ್ಕೆ ಬೇಕಾಗಿಯೇ ಇಲ್ಲ.

ಸೇಬು, ಜೇನು ಯುರೋಪಿನ ಯಹೂದಿಗಳಿಂದ ಬಂದ ರೂಢಿ. 14ನೇ ಶತಮಾನದ ಅವರ ಒಂದು ಧರ್ಮಶಾಸ್ತ್ರದ ಪುಸ್ತಕದಲ್ಲಿ ಜರ್ಮನಿ ಕಡೆಯವರ ಪದ್ಧತಿ ಅಂತ ಇದರ ಮಾತು ಬರುತ್ತದೆ. ಅದಕ್ಕಿಂತ ಎಷ್ಟೋ ಹಳೆಯದು ತಾಲ್ಮೂದ್ ಎಂಬ ಅವರ ಪ್ರಾಚೀನ ಧರ್ಮಗ್ರಂಥದಲ್ಲಿರುವ ಪಟ್ಟಿ. ಸುಮಾರು 1,700 ವರ್ಷದ ಹಿಂದೆ ಬ್ಯಾಬಿಲೋನಿನಲ್ಲಿದ್ದ ಅಬಾಯೆ ಎಂಬ ಗುರು, ವರ್ಷದ ಮೊದಲಿಗೆ ಇಷ್ಟು ಪದಾರ್ಥ ಊಟದಲ್ಲಿರಲಿ ಅಂದರು: ಸೋರೆ ಜಾತಿಯ ಕಾಯಿ, ರುಬಿಯಾ, ಈರುಳ್ಳಿ ಜಾತಿಯ ಸೊಪ್ಪು, ಬೀಟ್‌ರೂಟ್ ಜಾತಿಯ ಸೊಪ್ಪು, ಖರ್ಜೂರ. ರುಬಿಯಾ ಅಂದರೆ ಮೆಂತ್ಯ ಅಂತ ಕೆಲವರು, ಅಲಸಂದೆ ಅಂತ ಕೆಲವರು. ಓದಿದಾಗ ನನಗಂತೂ ಯಾರೋ ನಮ್ಮ ಕಡೆಯವರು ಸಂತೆಗೆ ಚೀಟಿ ಬರೆದ ಹಾಗೆ ಕಂಡಿತು.

ಯಾಕೆ ಇವೇ ಅಂತೀರಾ? ಎಲ್ಲ ಪದಗಳ ಆಟ. ಸೋರೆ ಜಾತಿಯ ಕಾಯಿಗೆ ಅವರು ‘ಕರಾ’ ಅನ್ನುತ್ತಾರೆ, ಹರಿದು ಹಾಕು ಅನ್ನುವುದಕ್ಕೂ ಅದೇ ಸದ್ದು, ಆದ್ದರಿಂದ ನಮ್ಮ ಮೇಲೆ ಕೆಟ್ಟ ತೀರ್ಪೇನಾದರೂ ಬರೆದಿದ್ದರೆ ಅದು ಹರಿದು ಹೋಗಲಿ ಅಂತ ಹೇಳಿ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ರುಬಿಯಾದಲ್ಲಿ ‘ಹೆಚ್ಚಲಿ’ ಅನ್ನುವ ಪದ ಕೇಳುತ್ತದೆ, ಪುಣ್ಯ ಹೆಚ್ಚಲಿ. ಖರ್ಜೂರದಲ್ಲಿ ‘ಮುಗಿಯಲಿ’ ಅನ್ನುವ ಪದವಿದೆ, ಹಗೆ ಮುಗಿಯಲಿ. ಇದನ್ನು ಬೇರೆ ಬೇರೆ ದೇಶದ ಯಹೂದಿಗಳು ತಮ್ಮ ತಮ್ಮ ಭಾಷೆಗೆ ತಕ್ಕ ಹಾಗೆ ಬೆಳೆಸಿಕೊಂಡಿದ್ದಾರೆ. ಕನ್ನಡಕ್ಕೆ ಬೇಡವಾ? ನನ್ನ ಗೆಳತಿಯ ಮನೆಯಲ್ಲಿ ನಾನೇ ಶುರು ಮಾಡಿದ್ದೆ. ಸೋರೆಕಾಯಿ: ಕೆಟ್ಟದ್ದೆಲ್ಲ ಸೋರಿ ಹೋಗಲಿ. ಅಲಸಂದೆ: ಆಲಸ್ಯ ಹೋಗಲಿ. ಹೆಸರುಕಾಳು: ಒಳ್ಳೆ ಹೆಸರು ಬರಲಿ. ಬಾಳೆಹಣ್ಣು: ಬಾಳು ಹಸನಾಗಲಿ. ನುಗ್ಗೆಕಾಯಿ: ಮುನ್ನುಗ್ಗಲಿ. ಅವಳ ತಾಯಿಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ, ಆದರೂ ಪ್ರತಿ ವರ್ಷ ‘ಸೋರಿ, ಸೋರಿ’ ಅಂತ ಹೇಳಿಸಿಕೊಂಡೇ ತಿನ್ನುತ್ತಿದ್ದರು. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇದೊಂದು ಕೆಲಸ ಅವರಿಗೆ ಬಿಟ್ಟುಬಿಡಿ.

ಸೋರೆಕಾಯಿ ಪಲ್ಯ, ಅಲಸಂದೆ ಗುಗ್ಗರಿ, ಹೆಸರುಕಾಳಿನ ಉಸಲಿ, ಬೀಟ್‌ರೂಟ್ ಸೊಪ್ಪಿನ ಪಲ್ಯ. ಆಯ್ತಲ್ಲ ಹಬ್ಬದ ಅಡುಗೆ. ಕೊಳ್ಳುವಾಗ ಬೀಟ್‌ರೂಟಿನ ಸೊಪ್ಪನ್ನು ಕಿತ್ತು ಬಿಸಾಡಬೇಡಿ ಅಂತ ಅಂಗಡಿಯವರಿಗೆ ಹೇಳಿ, ನಮಗೆ ಬೇಕಾಗಿರುವುದೇ ಅದು. ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿ ಎಲೆ ಎಲೆಯಾಗಿ ನೋಡಿ ತೊಳೆಯಿರಿ. ಹುಳ ತಿನ್ನುವುದು ಅವರಿಗೆ ನಿಷಿದ್ಧ, ನಮಗೂ ಅದು ಇಷ್ಟವೇನಲ್ಲ.

ಒಂದು ತೊಡಕಿದೆ. ಹೊಸ ವರ್ಷದ ದಿನ ಹುಳಿ, ಕಹಿ ಬೇಡ ಅನ್ನುವ ಮನೆಗಳು ಬಹಳ. ಯುಗಾದಿಗೆ ನಾವು ಬೇವು ಬೆಲ್ಲ ಎರಡೂ ತಿನ್ನುತ್ತೇವೆ, ಅವರದು ಬರೀ ಬೆಲ್ಲ. ಕೋಲಾರ ಜಿಲ್ಲೆಯ ಅಡುಗೆಮನೆಯಲ್ಲಿ ಹುಣಸೆಹಣ್ಣಿಲ್ಲದೆ ಎರಡು ದಿನ ಹೇಗಪ್ಪಾ ಅಂತ ನಿಮಗೆ ಅನ್ನಿಸಬಹುದು. ತೆಂಗಿನಕಾಯಿ ಹಾಲು, ಹೆಸರುಬೇಳೆ ತೊವ್ವೆ ಇವು ಕೈ ಹಿಡಿಯುತ್ತವೆ. ಮೆಂತ್ಯ ಕಹಿಯಲ್ಲವಾ, ಅದು ಪಟ್ಟಿಯಲ್ಲಿ ಹೇಗೆ ಬಂತು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಸಿಹಿಗೆ ರಾಗಿ ಹಾಲುಬಾಯಿ ಮಾಡಿ. ಬೆನೆ ಇಸ್ರೇಲಿಗಳು ಈ ಹಬ್ಬಕ್ಕೆ ಗೋಧಿ ಹಾಲು, ತೆಂಗಿನಕಾಯಿ ಹಾಲು ಹಾಕಿ ಕದಡಿ ಕದಡಿ ಒಂದು ಹಲ್ವ ಮಾಡುತ್ತಾರೆ. ತಟ್ಟೆಗೆ ಸುರಿದು ತುಂಡು ಮಾಡುವುದು, ತೋಳು ಬಿದ್ದು ಹೋಗುವುದು, ಎರಡೂ ನಮ್ಮ ಹಾಲುಬಾಯಿಯ ಹಾಗೇ. ತೆಂಗಿನಹಾಲು ಯಾಕೆ ಅಂದರೆ, ಮಾಂಸದೂಟದ ಜೊತೆ ಹಾಲು, ಮೊಸರು, ತುಪ್ಪ ಅವರು ತಿನ್ನುವುದಿಲ್ಲ. ಮಾಂಸವೂ ಅವರ ವಿಧಾನದಲ್ಲಿ ಕೊಯ್ದದ್ದೇ ಆಗಬೇಕು, ಅದು ಮಾಲೂರಿನಲ್ಲಿ ಸಿಗುವುದು ಕಷ್ಟ. ಎರಡು ದಿನ ಸಸ್ಯಾಹಾರ ಮಾಡಿಬಿಟ್ಟರೆ ಎಲ್ಲರಿಗೂ ಸುಲಭ, ಮುದ್ದೆಗೆ ತುಪ್ಪವೂ ಹಾಕಿಕೊಳ್ಳಬಹುದು. ‘ತಲೆಯಾಗಲಿ, ಬಾಲವಾಗದಿರಲಿ’ ಅಂತ ಮೀನಿನ ತಲೆ ಇಡುವ ಪದ್ಧತಿ ಇದೆ. ಕಾಟ್ಲ, ರೋಹು ಆಗಬಹುದು, ಪೊರೆ ಇಲ್ಲದ ಬೆಕ್ಕುಮೀನು ಆಗದು. ಮೀನು ಬೇಡವಾದರೆ ಒಂದು ಇಡೀ ಬೆಳ್ಳುಳ್ಳಿ ಗಡ್ಡೆ ಇಡಿ, ಹಾಗೆ ಮಾಡುವವರಿದ್ದಾರೆ.

ಈ ಹಬ್ಬಕ್ಕೆ ಅವರು ಇಡುವ ದುಂಡನೆಯ ಬ್ರೆಡ್ಡು ಮನೆಯಲ್ಲೇ ಮಾಡುವುದಾದರೆ ಬರೀ ಮೈದಾ ಬೇಡ. ಗೋಧಿಹಿಟ್ಟಿಗೆ ಒಂದು ಪಾಲು ರಾಗಿಹಿಟ್ಟು ಸೇರಿಸಿ. ಪೂರ್ತಿ ರಾಗಿ ಮಾಡಬೇಡಿ. ರೊಟ್ಟಿಗೆ ಅವರು ಹೇಳುವ ಮಂತ್ರ ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಎಂಬ ಐದು ಧಾನ್ಯಕ್ಕೆ ಮಾತ್ರ. ಅದರಲ್ಲಿ ನಮ್ಮ ರಾಗಿ ಇಲ್ಲ, ಪಾಪ.

ಇನ್ನು ಸಮಯ. ಹಬ್ಬ ಸೆಪ್ಟೆಂಬರ್ 11ರ ಶುಕ್ರವಾರ ಸೂರ್ಯ ಮುಳುಗುವಾಗ ಶುರು, ಭಾನುವಾರ ಕತ್ತಲಾದ ಮೇಲೆ ಮುಗಿಯುತ್ತದೆ. ನಡುವಿನ ಶನಿವಾರ ಅವರ ವಿಶ್ರಾಂತಿಯ ದಿನ, ಒಲೆ ಹಚ್ಚುವಂತಿಲ್ಲ. ಆದ್ದರಿಂದ ಶನಿವಾರದ ಅಡುಗೆಯೆಲ್ಲ ಶುಕ್ರವಾರ ಸಂಜೆಯೊಳಗೇ ಆಗಬೇಕು. ಭಾನುವಾರ ಅಡುಗೆ ಮಾಡಬಹುದು, ಆದರೆ ಹೊಸದಾಗಿ ಕಡ್ಡಿ ಗೀರದೆ, ಉರಿಯುತ್ತಿರುವ ದೀಪದಿಂದ ಹಚ್ಚಿಕೊಳ್ಳಬೇಕು. ಸೊಸೆ ಎಷ್ಟು ಪಾಲಿಸುತ್ತಾಳೆ ಅಂತ ಅವಳನ್ನೇ ಕೇಳಿ, ಒಂದೊಂದು ಮನೆ ಒಂದೊಂದು ಥರ. ಶುಕ್ರವಾರದ ಅನ್ನವನ್ನು ಮಾತ್ರ ರಾತ್ರಿಯಿಡೀ ಹೊರಗೆ ಬಿಡಬೇಡಿ. ಬಿಸಿ ಆರುತ್ತಿದ್ದ ಹಾಗೇ ಫ್ರಿಜ್ಜಿಗೆ ಹಾಕಿ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಭೇದಿ ಶುರುವಾದರೆ ಗಣೇಶನ ಕಡುಬು ತಿನ್ನುವವರು ಯಾರು?

ಯಜಮಾನರ ವಿಷಯ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ಲ, ಜೇನು ಔಷಧಿ, ಇಂಥದ್ದನ್ನೆಲ್ಲ ನಂಬಬೇಡಿ. ರಕ್ತಕ್ಕೆ ಹೋದ ಮೇಲೆ ಎಲ್ಲವೂ ಸಕ್ಕರೆಯೇ. ಒಂದು ಟೀ ಚಮಚ ಜೇನಿನಲ್ಲಿ ಸುಮಾರು 20 ಕ್ಯಾಲೊರಿ ಇದೆ. ಶಾಸ್ತ್ರಕ್ಕೆ ಒಂದು ಹೋಳು ಸೇಬು ಸಿಪ್ಪೆ ಸಮೇತ, ಅದರ ತುದಿಗೆ ನಾಲ್ಕು ಹನಿ ಜೇನು, ಒಂದು ಖರ್ಜೂರ, ಒಂದು ಸಣ್ಣ ತುಂಡು ಹಾಲುಬಾಯಿ. ಅದಕ್ಕೂ ಮೊದಲು ಪಲ್ಯ, ಗುಗ್ಗರಿ ಹೊಟ್ಟೆ ತುಂಬ ತಿಂದಿರಲಿ, ಆಮೇಲೆ ಅರ್ಧ ಗಂಟೆ ನಡೆಯಲಿ. ಮಾತ್ರೆ ತಪ್ಪಿಸುವುದು ಬೇಡ. ಇನ್ನೊಂದು ವಿಷಯ. ಸೆಪ್ಟೆಂಬರ್ 20ರ ಸಂಜೆಯಿಂದ ಅವರ ಯೋಮ್ ಕಿಪ್ಪುರ್ ಬರುತ್ತದೆ, ಸುಮಾರು 25 ಗಂಟೆ ನೀರೂ ಕುಡಿಯದ ಉಪವಾಸ. ಸೊಸೆಯ ಜೊತೆ ನಾನೂ ಅಂತ ಯಜಮಾನರು ಹೊರಟರೆ ಬೇಡ ಅನ್ನಿ. ಕಾಯಿಲೆ ಇರುವವರು ಜೀವ ಪಣಕ್ಕಿಟ್ಟು ಉಪವಾಸ ಮಾಡಬಾರದು ಅಂತ ಅವರ ಧರ್ಮವೇ ಹೇಳುತ್ತದೆ.

ಎಲೆ ಮೇಲೆ ಬಡಿಸಿ. ಮಾಂಸಕ್ಕೆ ಬೇರೆ, ಹಾಲಿಗೆ ಬೇರೆ ತಟ್ಟೆ ಇಡುವ ಮನೆಯಿಂದ ಬಂದವಳಿಗೆ ನಿಮ್ಮ ಸ್ಟೀಲ್ ತಟ್ಟೆಗಿಂತ ಹೊಸ ಬಾಳೆಲೆ, ಮುತ್ತುಗದೆಲೆ ನಿರಾಳ. ಊಟವಾದ ಮೇಲೆ ಎಲೆ ಹಸುವಿಗೋ ತಿಪ್ಪೆಗೋ. ಬೆಳ್ಳಿ ಬಣ್ಣದ ಕಾಗದ ಅಂಟಿಸಿದ ತಟ್ಟೆ ಕೊಳ್ಳಬೇಡಿ, ಅದರ ಮೇಲಿರುವುದು ಪ್ಲಾಸ್ಟಿಕ್.

ಹೊಸ ವರ್ಷ ಅಂದ್ಮೇಲೆ ಮೊದಲ ತಿಂಗಳಲ್ಲಿ ಬರಬೇಕಲ್ವಾ ಮೇಡಂ? ಇವರದು ಏಳನೇ ತಿಂಗಳಲ್ಲಿ ಅಂತೆ. ಇದೇನು ಲೆಕ್ಕ?
— ಪದವಿ ವಿದ್ಯಾರ್ಥಿ, ತುಮಕೂರು

ಅವರಿಗೆ ಹೊಸ ವರ್ಷ ಒಂದಲ್ಲ, ನಾಲ್ಕು. ತಿಂಗಳ ಎಣಿಕೆ, ರಾಜರ ಆಳ್ವಿಕೆ ಮತ್ತು ಹಬ್ಬಗಳ ಲೆಕ್ಕಕ್ಕೆ ಒಂದು, ದನಕುರಿಯ ಹತ್ತನೇ ಪಾಲಿಗೆ ಒಂದು, ಮರಗಳಿಗೆ ಒಂದು, ವರ್ಷದ ಸಂಖ್ಯೆ ಬದಲಾಗುವುದಕ್ಕೆ ತಿಶ್ರಿ ಮಾಸದ ಇದೊಂದು. ನಗಬೇಡಿ. ನಮಗೂ ಯುಗಾದಿ ಒಂದು, ದೀಪಾವಳಿಗೆ ಅಂಗಡಿಯವರ ಪೂಜೆ ಒಂದು, ಏಪ್ರಿಲ್ 1 ಸರ್ಕಾರದ್ದು, ಜೂನ್ ಶಾಲೆಯದ್ದು. ಈ ಸಲ ಅವರಿಗೆ 5787ನೇ ವರ್ಷ ಶುರು. ಚಂದ್ರನ ತಿಂಗಳು ಎಣಿಸಿ, ಮಳೆ ಬೆಳೆಗೆ ಹೊಂದಿಸಲು ನಮ್ಮ ಅಧಿಕಮಾಸದ ಹಾಗೇ 19 ವರ್ಷದಲ್ಲಿ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ. ನಮಗೆ ಈ ವರ್ಷ ಅಧಿಕ ಜ್ಯೇಷ್ಠ ಬಂತಲ್ಲ, ಅವರಿಗೂ ಈ 5787ರಲ್ಲೇ ಹದಿಮೂರನೇ ತಿಂಗಳು.

ಆ ಹಬ್ಬದಲ್ಲಿ ನೀರಿನ ಹತ್ತಿರ ಹೋಗಿ ಬ್ರೆಡ್ ಚೂರು ಎಸೆದು ಪಾಪ ಕಳೆದುಕೊಳ್ತಾರಂತೆ. ನಮ್ಮ ಆಫೀಸಿನ ಗೆಳೆಯರೊಬ್ಬರು ಅಂತರಗಂಗೆಗೆ ಕರ್ಕೊಂಡು ಹೋಗಿ ಅಂತಿದ್ದಾರೆ. ಮೊದಲೇ ನಮ್ಮೂರ ಕೆರೆಗಳ ಕಥೆ ನಿಮಗೆ ಗೊತ್ತು. ಬೇಡ ಅಂದ್ರೆ ಬೇಜಾರು ಮಾಡ್ಕೋತಾರಾ?
— ಕೋಲಾರ

ಅಂತರಗಂಗೆ ಬೇಡವೇ ಬೇಡ. ಬಸವನ ಬಾಯಿಂದ ಬರುವ ಆ ನೀರನ್ನು ಜನ ಕುಡಿಯುತ್ತಾರೆ. ಬ್ರೆಡ್ಡು ಕೈಯಲ್ಲಿ ಹಿಡಿದು ಆ ಮೆಟ್ಟಿಲು ಹತ್ತಿದರೆ ನೀರಿನ ತನಕ ತಲುಪುವುದೂ ಇಲ್ಲ, ಕೋತಿಗಳಿವೆ.

ಈ ಆಚರಣೆಗೆ ತಶ್ಲೀಖ್ ಅನ್ನುತ್ತಾರೆ. ಎಲ್ಲ ಪಾಪವನ್ನು ಸಮುದ್ರದ ಆಳಕ್ಕೆ ಎಸೆದುಬಿಡುತ್ತೀ ಅಂತ ದೇವರನ್ನು ಕುರಿತು ಪ್ರವಾದಿ ಮೀಕನ ಪುಸ್ತಕದಲ್ಲಿ ಮಾತಿದೆ, ಅದನ್ನು ನೀರಿನ ದಡದಲ್ಲಿ ನಿಂತು ಹೇಳುತ್ತಾರೆ. ಮುಖ್ಯ ಆ ಮಾತು, ಬ್ರೆಡ್ಡಲ್ಲ. 15ನೇ ಶತಮಾನದ ಹೊತ್ತಿಗೇ ಮಹರಿಲ್ ಎಂದು ಹೆಸರಾದ ಜರ್ಮನಿಯ ಗುರು, ಹಬ್ಬದ ದಿನ ಮೀನಿಗೆ ಚೂರು ಎಸೆಯುವುದು ತಪ್ಪು ಅಂದಿದ್ದರು. ಇದನ್ನು ನಿಮ್ಮ ಗೆಳೆಯರಿಗೆ ಹೇಳಿ, ಬೇಜಾರಿಗೆ ಜಾಗವೇ ಇರುವುದಿಲ್ಲ. ಬರೀ ಜೇಬು ಕೊಡವಿ, ಸೆರಗು ಕೊಡವಿ ಬರುವವರೇ ಎಷ್ಟೋ ಜನ.

ಒಂದು ಹಿಡಿ ಬ್ರೆಡ್ಡಿನಿಂದ ಕೆರೆ ಸಾಯುತ್ತದಾ ಅಂತ ಕೇಳುವವರಿಗೆ: ಒಂದು ಹಿಡಿಯಿಂದ ಇಲ್ಲ. ಆದರೆ ಹಿಟ್ಟಿನ ಪದಾರ್ಥ ನಿಂತ ನೀರಿನಲ್ಲಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ, ಇರುವುದೆಲ್ಲ ನಿಂತ ನೀರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ನಿಮ್ಮ ಕೆರೆಗಳಿಗೆ ಬರುತ್ತಿದೆ, ಅಂಥ ನೀರಿನಲ್ಲಿ ಪಾಚಿಗೆ ಬೇಕಾದ ಸಾರ ಮೊದಲೇ ಜಾಸ್ತಿ. ಹೋದ ವರ್ಷ ಮೊಮ್ಮಗನನ್ನು ಕರೆದುಕೊಂಡು ಒಂದು ಕೆರೆ ಏರಿ ಮೇಲೆ ಹೋಗಿದ್ದೆ. ಮೀನಿಗೆ ಹಾಕಿ ಅಂತ ಒಬ್ಬಾತ ಹಳಸಿದ ಬ್ರೆಡ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹತ್ತು ರೂಪಾಯಿಗೆ ಮಾರುತ್ತಿದ್ದ. ನಾನೂ ತೆಗೆದುಕೊಟ್ಟೆ. ಮಗು ಬ್ರೆಡ್ಡನ್ನು ಕವರ್ ಸಮೇತ ಎಸೆಯಿತು. ಬುದ್ಧಿ ಬಂದದ್ದು ಆಮೇಲೆ.

ಬೇರೆ ದೇಶಗಳಲ್ಲಿ ಕೆಲವರು ಇದನ್ನು ತಿರುಗಿಸಿದ್ದಾರೆ. ಎಸೆಯುವ ಬದಲು ದಡದ ಕಸ ಹೆಕ್ಕುತ್ತಾರೆ. ಹಬ್ಬದ ದಿನವೇ ಆ ಕೆಲಸ ಮಾಡುವಂತಿಲ್ಲ, ಆದರೆ ತಶ್ಲೀಖ್‌ಗೆ ಮುಂದಿನ ಸುಮಾರು ಮೂರು ವಾರ ಅವಕಾಶವಿದೆ. ನೀವು ಹೀಗೆ ಮಾಡಿ: ಗಣೇಶನನ್ನು ಬಿಟ್ಟ ಮೇಲೆ ಬರುವ ವಾರ ಅವರನ್ನು ಕೋಲಾರಮ್ಮನ ಕೆರೆ ದಡಕ್ಕೆ ಕರೆದುಕೊಂಡು ಹೋಗಿ. ಅವರು ಮಂತ್ರ ಹೇಳಲಿ, ಆಮೇಲೆ ಇಬ್ಬರೂ ಎರಡು ಗೋಣಿಚೀಲ ಹಿಡಿಯಿರಿ. ಹೆಕ್ಕಲು ಇರುವುದೆಲ್ಲ ಹೆಚ್ಚುಕಡಿಮೆ ನಮ್ಮ ಹಬ್ಬದ್ದೇ ಆಗಿರುತ್ತದೆ, ಅದು ಸ್ವಲ್ಪ ಮುಜುಗರ.

ದೇವರಾಯನದುರ್ಗದ ಕಡೆ ರಸ್ತೆಬದಿ ಸಿಗುವ ಜೇನು ಅಸಲಿಯಾ? ನೀರಿಗೆ ಹಾಕಿದ್ರೆ ತಳಕ್ಕೆ ಹೋಗ್ಬೇಕು ಅಂತಾರಲ್ಲ?
— ಕೊರಟಗೆರೆ

ನೀರಿನ ಪರೀಕ್ಷೆ, ಜೇನಿನಲ್ಲಿ ಅದ್ದಿ ಕಡ್ಡಿ ಗೀರುವ ಪರೀಕ್ಷೆ ಎರಡನ್ನೂ ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ತಳಕ್ಕೆ ಹೋಗುತ್ತದೆ. ನಾನೇ ಒಮ್ಮೆ ಹೀಗೆ ಪರೀಕ್ಷೆ ಮಾಡಿ, ಹಳೇ ಬಾಟಲಿಯಲ್ಲಿ ಬೆಲ್ಲದ ಪಾಕ ತಂದಿದ್ದೇನೆ. ಜೇನು ಹರಳುಗಟ್ಟಿದರೆ ಕಲಬೆರಕೆ ಅಂತಲೂ ಅಲ್ಲ, ಅದು ಅದರ ಗುಣ. ಹೆಜ್ಜೇನನ್ನು ಬೆಂಕಿ ಹಾಕಿ ಸುಟ್ಟು ತೆಗೆದದ್ದಕ್ಕಿಂತ, ತುಡುವೆ ಜೇನಿನ ಪೆಟ್ಟಿಗೆ ಇಟ್ಟಿರುವ ರೈತರ ಹತ್ತಿರ ಕೊಳ್ಳಿ. ರಾಗಿ ಹೊಲದ ಅಕ್ಕಡಿ ಸಾಲಿಗೆ ಹುಚ್ಚೆಳ್ಳು ಹಾಕಿದವರನ್ನು ಕೇಳಿ ನೋಡಿ, ಹೂವಿನ ಕಾಲದಲ್ಲಿ ಜೇನುಹುಳ ಎಲ್ಲಿಂದ ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ನಾಲಿಗೆಗೂ ಸವರಬೇಡಿ, ಹಬ್ಬದ ಶಾಸ್ತ್ರಕ್ಕೂ ಬೇಡ. ಅಪರೂಪಕ್ಕಾದರೂ ಜೇನಿನಿಂದ ಬರುವ ಬಾಟ್ಯುಲಿಸಂ ಎಳೆಮಕ್ಕಳ ಜೀವಕ್ಕೆ ಅಪಾಯ.

ಕೋಲಾರ, ತುಮಕೂರಲ್ಲಿ ಯಹೂದಿಗಳು ಎಷ್ಟು ಜನ ಇದ್ದಾರೆ ಅಂತ ಇದಕ್ಕೆ ಇಷ್ಟೊಂದು ಜಾಗ? ನಮ್ಮ ಹಬ್ಬಗಳ ಬಗ್ಗೆ ಬರೀರಿ. ಅವರು ಹಚ್ಚೋದೂ ಮೇಣದ ಬತ್ತಿ, ನಮ್ಮದಕ್ಕೂ ಅದಕ್ಕೂ ಏನು ಸಂಬಂಧ?
— ತಿಪಟೂರು

ಮಾಲೂರಿನಲ್ಲಿ ಒಬ್ಬಳು ಸೊಸೆ ಇದ್ದಾಳಲ್ಲ ಸ್ವಾಮಿ, ನನಗೆ ಸಾಕು.

ದೀಪದ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. ಶನಿವಾರದ ದೀಪಕ್ಕೆ ಯಾವ ಎಣ್ಣೆ ಅಂತ ಅವರ ಗುರುಗಳಲ್ಲಿ ಹಿಂದೆ ಚರ್ಚೆ ನಡೆದಿತ್ತು. ಆಲಿವ್ ಎಣ್ಣೆ ಬಿಟ್ಟು ಬೇರೆ ಬೇಡ ಅಂದರು ತರ್ಫೋನ್ ಎಂಬುವರು. ಆಗ ಯೋಹಾನನ್ ಬೆನ್ ನೂರಿ ಎದ್ದು ನಿಂತು, ಹಾಗಾದರೆ ಎಳ್ಳೆಣ್ಣೆ ಬಿಟ್ಟು ಬೇರೇನೂ ಇಲ್ಲದ ಬ್ಯಾಬಿಲೋನಿನವರು ಏನು ಮಾಡಬೇಕು ಅಂತ ಕೇಳಿದರಂತೆ. ತೀರ್ಮಾನವಾದದ್ದು ಎಳ್ಳೆಣ್ಣೆಯವರ ಪರವಾಗಿಯೇ. ಇನ್ನು ನಮ್ಮ ಬೆನೆ ಇಸ್ರೇಲಿಗಳು ಕೊಂಕಣದಲ್ಲಿ ಮಾಡುತ್ತಿದ್ದ ಕಸುಬೇ ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದರು ಅಂತ ಊರವರು ಅವರನ್ನು ‘ಶನಿವಾರ್ ತೇಲಿ’ ಅನ್ನುತ್ತಿದ್ದರು, ಅಂದರೆ ಶನಿವಾರದ ಗಾಣಿಗರು. ಪೆಟ್ರೋಲಿಯಂನಿಂದ ಮಾಡಿದ ಮೇಣದ ಬತ್ತಿ ಹಚ್ಚಿ ಕಿಟಕಿ ಮುಚ್ಚಿಕೊಂಡು ಕೂರುವುದಕ್ಕಿಂತ ಹತ್ತಿ ಬತ್ತಿ, ಗಾಣದ ಎಳ್ಳೆಣ್ಣೆ, ಮಣ್ಣಿನ ಹಣತೆ ಮೇಲು. ನಿಮ್ಮ ತಿಪಟೂರಿನ ಕೊಬ್ಬರಿ ಎಣ್ಣೆಯೂ ಆದೀತು. ಸಂಬಂಧ ಸಿಕ್ಕಿತಲ್ಲ?

ಎರಡನೇ ರಾತ್ರಿ ‘ಹೊಸ ಹಣ್ಣು’ ತಿನ್ನಬೇಕಂತೆ. ಡ್ರ್ಯಾಗನ್ ಫ್ರೂಟ್ ಕಿವಿ ತರೋಣ ಅಂತಿದ್ದೀವಿ.
— ಹಾಸ್ಟೆಲ್ ಹುಡುಗಿಯರು, ಚಿಕ್ಕಬಳ್ಳಾಪುರ

ಹೊಸದು ಅಂದರೆ ವಿದೇಶದ್ದು ಅಂತಲ್ಲ ಕಣ್ರಮ್ಮಾ, ಈ ಕಾಲದಲ್ಲಿ ನೀವಿನ್ನೂ ತಿನ್ನದ ಹಣ್ಣು ಅಂತ. ಸೆಪ್ಟೆಂಬರಿನಲ್ಲಿ ಬೆಟ್ಟದ ಸಾಲಿನಿಂದ ಸೀತಾಫಲ ಬುಟ್ಟಿ ಬುಟ್ಟಿ ಬರುತ್ತದೆ. ಅಲ್ಲಿಯವರೆಗೆ ಬಾಯಿ ಕಟ್ಟಿಕೊಂಡಿದ್ದರೆ ಅದೇ ಹೊಸ ಹಣ್ಣು. ದಾಳಿಂಬೆಯೂ ಆಗುತ್ತದೆ, ಅದರಲ್ಲಿ ಅವರ ಧರ್ಮದ 613 ನಿಯಮಗಳಷ್ಟು ಕಾಳಿರುತ್ತವೆ ಅನ್ನುವ ಮಾತಿದೆ. ಎಣಿಸಿ ನೋಡಿ, ಹಾಸ್ಟೆಲಿನಲ್ಲಿ ಹೊತ್ತು ಹೋಗುತ್ತದೆ.

ಏಳು ವರ್ಷಕ್ಕೊಮ್ಮೆ ಇಡೀ ದೇಶ ಹೊಲ ಉಳದೆ ಬಿಡ್ತಾರೆ ಅಂತ ಓದಿದೆ. ನಿಜವಾ? ನನ್ನದು ಒಂದೂವರೆ ಎಕರೆ, ಬೋರ್‌ವೆಲ್ ಅರ್ಧ ಇಂಚು ನೀರು ಕೊಡುತ್ತೆ. ನಾನೂ ಬಿಡಲಾ?
— ರೈತ, ಗೌರಿಬಿದನೂರು

ನಿಯಮ ನಿಜ, ಶ್ಮಿತಾ ಅನ್ನುತ್ತಾರೆ. ಇಸ್ರೇಲಿನ ನೆಲಕ್ಕೆ ಮಾತ್ರ ಅನ್ವಯ, ಅಲ್ಲೂ ಎಲ್ಲರೂ ಪಾಲಿಸುವುದಿಲ್ಲ, ದಾರಿಗಳನ್ನು ಹುಡುಕಿಕೊಂಡಿದ್ದಾರೆ. ಆ ವರ್ಷ ತಾನಾಗಿ ಬೆಳೆದದ್ದನ್ನು ಬಡವರೂ ಪ್ರಾಣಿಗಳೂ ತಿನ್ನಬಹುದು. ಹಿಂದಿನದು 5782, ಅಂದರೆ 2021ರ ಸೆಪ್ಟೆಂಬರಿನಿಂದ ಒಂದು ವರ್ಷ. ಮುಂದಿನದು 2028ರ ಸೆಪ್ಟೆಂಬರಿನಲ್ಲಿ, ಇದೇ ಹೊಸ ವರ್ಷದ ದಿನ ಶುರುವಾಗುತ್ತದೆ.

ನೀವು ಒಂದೂವರೆ ಎಕರೆಯನ್ನೂ ಬಿಟ್ಟು ಏನು ತಿನ್ನುತ್ತೀರಿ? ಬೇಡ. ಆದರೆ ವರ್ಷಕ್ಕೊಂದು ಹತ್ತು ಗುಂಟೆಗೆ ಟೊಮೆಟೊ ಬೇಡ ಅನ್ನಿ. ಮುಂಗಾರಿನಲ್ಲಿ ಅಲ್ಲಿ ಅಪ್ಪಸೆಣಬೋ ಹುರುಳಿಯೋ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತುಬಿಡಿ. ಮುಂದಿನ ವರ್ಷ ಪಕ್ಕದ ಹತ್ತು ಗುಂಟೆ. ಒಂದೂವರೆ ಎಕರೆ ಅಂದರೆ 60 ಗುಂಟೆ, ಆರು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಏಳನೆಯ ವರ್ಷ ಏನು ಮಾಡಬೇಕು ಅಂತ ಆಗ ಬರೆದು ಕೇಳಿ, ಅಷ್ಟರವರೆಗೆ ಈ ಅಂಕಣ ಇದ್ದರೆ ಉತ್ತರ ಹಾಕುತ್ತೇನೆ.